ಒಂಬತ್ತೂವರೆ ಸಾವಿರ ಡಾಲರಿಗೆ ಮಾರಿಹೋದ ‘ಅಮ್ಮ’

ತಿಪಟೂರು ಕಡೆಯ ಓದುಗ ಮಿತ್ರರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ‘ಸೈಕೋ’ ಚಿತ್ರದ ಕಥೆ ಹಿಚ್‌ಕಾಕ್ ಅವರಿಗೆ ಕನಸಿನಲ್ಲಿ ಬಂದದ್ದು ಅಂತ ಸ್ನೇಹಿತನೊಬ್ಬ ಬಾಜಿ ಕಟ್ಟಿದ್ದಾನಂತೆ. ಐವತ್ತು ರೂಪಾಯಿ ಪ್ರಶ್ನೆ, ಬೇಗ ತೀರ್ಪು ಕೊಡಿ ಅಂತ ಕೇಳಿದ್ದಾರೆ.

ಮಿತ್ರರೇ, ಐವತ್ತನ್ನೂ ವಸೂಲು ಮಾಡಿಕೊಳ್ಳಿ! ಕನಸೂ ಇಲ್ಲ, ಮಣ್ಣೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರಲ್ಲಿ ಒಬ್ಬ ಬಡಪಾಯಿ ಲೇಖಕ ಕೂತು, ಟೈಪ್‌ರೈಟರ್ ಕುಟ್ಟಿ ಕುಟ್ಟಿ ಬರೆದ ಕಾದಂಬರಿ ಅದು. ಅದರ ಹೆಸರೂ ‘ಸೈಕೋ’ ಅಂತಲೇ. 1959ರಲ್ಲಿ ಅಚ್ಚಾಯಿತು. ಬರೆದವನ ಹೆಸರು ರಾಬರ್ಟ್ ಬ್ಲಾಕ್. ಬ್ಲಾಕ್ ಅಂದಕೂಡಲೆ ನಿಮಗೆ ಥಿಯೇಟರ್ ಗೇಟಿನ ಹತ್ತಿರ ನಿಂತು ಟಿಕೆಟ್ ಮಾರುವವನು ನೆನಪಾದನೇ? ಪಾಪ, ಅವನಾದರೂ ಒಂದಕ್ಕೆ ಮೂರು ಮಾಡಿಕೊಳ್ತಾನೆ. ನಮ್ಮ ಈ ಬ್ಲಾಕ್ ಮಾಡಿಕೊಂಡ ವ್ಯಾಪಾರ ಕೇಳಿದರೆ ನೀವು ಹಣೆ ಚಚ್ಚಿಕೊಳ್ತೀರಿ.

ಒಂದು ಎಚ್ಚರಿಕೆ. ‘ಸೈಕೋ’ ನೋಡದೆ ಇರುವವರು ಇಲ್ಲಿಗೇ ಈ ಪುಟ ಮಡಚಿ ಜೇಬಿನಲ್ಲಿಟ್ಟುಕೊಂಡು, ಚಿತ್ರ ನೋಡಿ ಬಂದು ಆಮೇಲೆ ಓದಿ. ಗುಟ್ಟೆಲ್ಲಾ ಹೊರಗೆ ಹಾಕುವವನಿದ್ದೇನೆ. ಆಮೇಲೆ ನನ್ನ ಬೈಯಬೇಡಿ.

ಮುಖವಾಡ ಕಿತ್ತ ಗಳಿಗೆ

ಬ್ಲಾಕ್ ಹುಟ್ಟಿದ್ದು 1917ರ ಏಪ್ರಿಲ್ 5ರಂದು, ಚಿಕಾಗೋದಲ್ಲಿ. ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್. ಹುಡುಗನಿಗೆ ಎಂಟು ವರ್ಷವಾಗಿದ್ದಾಗ, 1925ರಲ್ಲಿ, ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಬಂತು. ಮೂಕಿ ಚಿತ್ರ. ಲಾನ್ ಚಾನಿ ನಾಯಕ. ಮೇಕಪ್ ಕೂಡ ಅವನದೇ ಕೈಚಳಕ. ಹುಡುಗ ರಾತ್ರಿ ಆಟಕ್ಕೆ ಒಬ್ಬನೇ ಹೋಗಿ ಕೂತಿದ್ದಾನೆ. ಫ್ಯಾಂಟಮ್ ಆರ್ಗನ್ ನುಡಿಸುತ್ತಾ ಮೈಮರೆತಿರುವಾಗ ನಾಯಕಿ ಹಿಂದಿನಿಂದ ಬಂದು ಮುಖವಾಡ ಕಿತ್ತುಬಿಡುತ್ತಾಳೆ. ಪರದೆ ತುಂಬಾ ಆ ತಲೆಬುರುಡೆಯಂಥ ಮುಖ! ಅಷ್ಟೇ. ಹುಡುಗ ಮನೆವರೆಗೂ ಓಡಿದ. ಬಹಳ ಕಾಲ ಕೆಟ್ಟ ಕನಸು.

ನಮ್ಮಲ್ಲಿ ಅನೇಕರು ಹೀಗೆ ಓಡಿದವರೇ. ಓಡಿದವರಲ್ಲಿ ಹೆಚ್ಚಿನವರು ಮಾರನೇ ದಿನ ಮರೆತುಬಿಡ್ತಾರೆ. ಈ ಹುಡುಗ ಮಾತ್ರ ಜೀವನಪೂರ್ತಿ ಬೇರೆಯವರನ್ನು ಓಡಿಸುವ ಕಸುಬೇ ಕಲಿತ.

1927ರ ಬೇಸಿಗೆ. ಚಿಕಾಗೋ ರೈಲು ನಿಲ್ದಾಣದ ಪುಸ್ತಕದಂಗಡಿ. ಜೊತೆಯಲ್ಲಿದ್ದ ಚಿಕ್ಕಮ್ಮ, ನಿನಗೆ ಬೇಕಾದ ಪತ್ರಿಕೆ ಒಂದು ತಗೋ, ಕೊಡಿಸ್ತೀನಿ ಅಂದಳು. ಹತ್ತು ವರ್ಷದ ಹುಡುಗ ಕೈ ಹಾಕಿದ್ದು ‘ವಿಯರ್ಡ್ ಟೇಲ್ಸ್’ ಅನ್ನೋ ಭೂತ ಪ್ರೇತದ ಕಥೆಗಳ ಪತ್ರಿಕೆಗೆ. ಚಿಕ್ಕಮ್ಮನಿಗೆ ದಂಗುಬಡಿದಂತಾಯಿತು. ಈ ಪುಟವನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದುತ್ತಿರುವ ತಮ್ಮಂದಿರೇ, ಮನೆಯಲ್ಲಿ ಯಾರಾದರೂ ಬೈದರೆ ಈ ಸಂಗತಿ ಹೇಳಿ. ಅವನ ಇಡೀ ಬಾಳು ಆ ಅಂಗಡಿಯಲ್ಲೇ ತೀರ್ಮಾನವಾಯಿತು.

ಆ ಪತ್ರಿಕೆಯಲ್ಲಿ ಎಚ್. ಪಿ. ಲವ್‌ಕ್ರಾಫ್ಟ್ ಅಂತ ಒಬ್ಬ ಮಹಾನುಭಾವ ಬರೆಯುತ್ತಿದ್ದ. ಸಮುದ್ರದಾಳದಲ್ಲಿ, ನಕ್ಷತ್ರಗಳಾಚೆ, ಮನುಷ್ಯರನ್ನು ಲೆಕ್ಕಕ್ಕೇ ಇಡದ ದೈತ್ಯಶಕ್ತಿಗಳು ಮಲಗಿವೆ ಅನ್ನೋ ಕಥೆಗಳು. ಇವತ್ತು ಅವನ ಹೆಸರಿಗೆ ಜಗತ್ತೇ ಕೈಮುಗಿಯುತ್ತದೆ. ಆಗ ಕೇಳುವವರು ಕಡಿಮೆ. ನಮ್ಮ ಹುಡುಗ 1933ರಲ್ಲಿ ಅಭಿಮಾನಿ ಪತ್ರ ಹಾಕಿದ: ನಿಮ್ಮ ಹಳೇ ಕಥೆಗಳು ಎಲ್ಲಿ ಸಿಗ್ತವೆ ಸ್ವಾಮೀ? ಅಭಿಮಾನಿ ಪತ್ರಕ್ಕೆ ಉತ್ತರ ಬರೋದೇ ಅಪರೂಪ. ಬಂದರೂ ಒಂದು ಫೋಟೋ, ಅದರ ಮೇಲೆ ಸಹಿ. ಲವ್‌ಕ್ರಾಫ್ಟ್ ಹಾಗಲ್ಲ. ಕಥೆಗಳನ್ನೇ ಕಳಿಸಿಕೊಡ್ತೀನಿ, ಓದಿ ವಾಪಸ್ ಕೊಡು ಅಂದ. ಮುಂದೆ, ನೀನೂ ಯಾಕೆ ಬರೆಯಬಾರದು, ಬರೆದರೆ ನಾನು ನೋಡ್ತೀನಿ ಅಂತಲೂ ಹೇಳಿದ. ಹದಿನಾರರ ಹುಡುಗನಿಗೆ ಇದಕ್ಕಿಂತ ಬೇಕೇ?

ಹೈಸ್ಕೂಲು ಮುಗಿಸಿದ ಕೂಡಲೆ, 1934ರಲ್ಲಿ, ಒಂದು ಸೆಕೆಂಡ್ ಹ್ಯಾಂಡ್ ಟೈಪ್‌ರೈಟರ್ ಕೊಂಡ. ಕಾಲೇಜಿಗೆ ಹೋಗಲಿಲ್ಲ. (ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಈ ನಿಮ್ಮ ಲೇಖಕನಿಗೆ ಇದು ಓದಿ ಸ್ವಲ್ಪ ಸಮಾಧಾನವಾಯಿತು ಅಂತ ಇಲ್ಲೇ ಹೇಳಿಬಿಡ್ತೀನಿ.) ಆ ವರ್ಷ ಜುಲೈನಲ್ಲೇ ‘ವಿಯರ್ಡ್ ಟೇಲ್ಸ್’ ಅವನ ಕಥೆಯೊಂದನ್ನು ಕೊಂಡಿತು. ವಯಸ್ಸು ಹದಿನೇಳು. ಸಂಭಾವನೆ ಒಂದು ಪದಕ್ಕೆ ಒಂದು ಸೆಂಟ್.

ಗುರುವನ್ನು ಕೊಲ್ಲಲು ಅನುಮತಿ ಪತ್ರ

ಇಲ್ಲೊಂದು ತಮಾಷೆ ಇದೆ. ಬ್ಲಾಕ್ ಒಂದು ಕಥೆ ಬರೆದ, ಅದರಲ್ಲಿ ಲವ್‌ಕ್ರಾಫ್ಟ್‌ನನ್ನೇ ಹೋಲುವ ಒಬ್ಬ ಮನುಷ್ಯ ನಕ್ಷತ್ರಲೋಕದ ಪಿಶಾಚಿಗೆ ಬಲಿಯಾಗಬೇಕು. ಗುರುವನ್ನು ಕೇಳದೆ ಕೊಲ್ಲೋದು ಹ್ಯಾಗೆ? ಪತ್ರಿಕೆಯವರಿಗೂ ಅನುಮಾನ. ಲವ್‌ಕ್ರಾಫ್ಟ್‌ಗೆ ಬರೆದು ಕೇಳಿದ. ಆ ಪುಣ್ಯಾತ್ಮ 1935ರ ಏಪ್ರಿಲ್ 30ರ ತಾರೀಕು ಹಾಕಿ ಪಕ್ಕಾ ಅನುಮತಿ ಪತ್ರ ಕಳಿಸಿದ! ನನ್ನನ್ನು ಹೇಗೆ ಬೇಕಾದರೂ ಕೊಲ್ಲಬಹುದು ಅನ್ನೋ ಅರ್ಥದ್ದು. ಅದಕ್ಕೆ ಸಾಕ್ಷಿ ಸಹಿಗಳು ಬೇರೆ. ಸಹಿ ಹಾಕಿದವರು ಯಾರು ಅಂತೀರಿ? ಅಬ್ದುಲ್ ಅಲ್‌ಹಜ್ರೆಡ್ ಮುಂತಾದವರು. ಎಲ್ಲಾ ಅವರ ಕಥೆಗಳಲ್ಲಿ ಬರುವ ಮಾಯಾವಿಗಳು, ಹುಚ್ಚರು, ಲಾಮಾಗಳು. ಒಬ್ಬನೂ ಭೂಮಿ ಮೇಲೆ ಹುಟ್ಟಿದವನಲ್ಲ!

ಬ್ಲಾಕ್ ಕೊಂದ. ಗುರು ಸುಮ್ಮನಿರ್ತಾನೆಯೇ? ಮುಂದಿನ ವರ್ಷ ‘ದಿ ಹಾಂಟರ್ ಆಫ್ ದಿ ಡಾರ್ಕ್’ ಅಚ್ಚಾಯಿತು. ಅದರಲ್ಲಿ ರಾಬರ್ಟ್ ಬ್ಲೇಕ್ ಅನ್ನೋ ಮಿಲ್‌ವಾಕಿಯ ಯುವ ಲೇಖಕ ಕಿಟಕಿಯ ಮುಂದೆ ಕೂತಲ್ಲೇ ಕಣ್ಣು ಬಿಟ್ಟುಕೊಂಡು ಸಾಯುತ್ತಾನೆ. ಬ್ಲಾಕ್ ಇದ್ದದ್ದು ಮಿಲ್‌ವಾಕಿಯಲ್ಲೇ. ಲೆಕ್ಕ ಚುಕ್ತಾ.

ಆದರೆ ಗುರುಶಿಷ್ಯರು ಒಂದು ಸಲವೂ ಎದುರುಬದುರಾಗಲಿಲ್ಲ. 1937ರ ಮಾರ್ಚ್‌ನಲ್ಲಿ ಲವ್‌ಕ್ರಾಫ್ಟ್ ತೀರಿಕೊಂಡ. ನಲವತ್ತಾರು ವರ್ಷ. ಬಡತನದಲ್ಲೇ ಹೋದ. ಅಂಚೆಯಲ್ಲೇ ಶುರುವಾಗಿ ಅಂಚೆಯಲ್ಲೇ ಮುಗಿದ ಸಂಬಂಧ. ಬರೆದು ಬದುಕುವವರ ಗತಿ ಏನಾಗಬಹುದು ಅನ್ನೋದು ಇಪ್ಪತ್ತಕ್ಕೇ ಕಣ್ಣಿಗೆ ಬಿದ್ದಿತ್ತು. ಆದರೂ ಹುಡುಗ ಬಿಡಲಿಲ್ಲ.

ಬಿಡದೆ ಏನು ಮಾಡಿದ? ಸಿಕ್ಕಿದ್ದೆಲ್ಲಾ ಮಾಡಿದ. 1940ರಲ್ಲಿ ಮಿಲ್‌ವಾಕಿ ಮೇಯರ್ ಚುನಾವಣೆ. ಇಪ್ಪತ್ತನಾಲ್ಕು ವರ್ಷದಿಂದ ಕುರ್ಚಿ ಬಿಡದ ಡೇನಿಯಲ್ ಹೋನ್ ಎದುರಿಗೆ ಕಾರ್ಲ್ ಝೈಡ್ಲರ್ ಅನ್ನೋ ಹೊಸಬ. ಬ್ಲಾಕ್ ಮತ್ತು ಅವನ ಗೆಳೆಯ ಹೆರಾಲ್ಡ್ ಗೌವರ್ ಸೇರಿ ಹೊಸಬನ ಪ್ರಚಾರ ನಡೆಸಿದರು. ಭಾಷಣ ಇವರದ್ದು, ಸಭೆಯ ಶೃಂಗಾರ ಇವರದ್ದು. ಸಭಾಂಗಣದ ಚಾವಣಿಯಿಂದ ಬಣ್ಣಬಣ್ಣದ ಬಲೂನು ಸುರಿಸುವ ಉಪಾಯವೂ ಇವರದ್ದೇ. ಝೈಡ್ಲರ್ ಗೆದ್ದ! ಗೆದ್ದಮೇಲೆ ಇವರ ನೆನಪು ಯಾರಿಗೆ? ಮಾತುಕೊಟ್ಟ ಸಂಬಳವೂ ಬರಲಿಲ್ಲ ಅಂತ ಬ್ಲಾಕ್ ತನ್ನ ಆತ್ಮಕಥೆಯಲ್ಲಿ ಕಹಿಯಾಗಿಯೇ ಬರೆದುಕೊಂಡಿದ್ದಾನೆ. ಇನ್ನೊಬ್ಬರ ಬಲೂನು ಊದೋದು, ಹಾರಿದ ಮೇಲೆ ಕೆಳಗೆ ನಿಂತು ನೋಡೋದು. ಈ ಬಲೂನು ಸಂಗತಿ ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಮೇಲೆ ಹನ್ನೊಂದು ವರ್ಷ ಜಾಹೀರಾತು ಕಂಪನಿಯಲ್ಲಿ ಕೆಲಸ. ಹಗಲು ಜಾಹೀರಾತು, ಉಳಿದ ಹೊತ್ತು ಭೂತ. 1943ರಲ್ಲಿ ಜ್ಯಾಕ್ ದಿ ರಿಪ್ಪರ್ ಕುರಿತು ಒಂದು ಕಥೆ ಬರೆದ. ಲಂಡನ್ನಿನ ಆ ಕೊಲೆಗಡುಕ ಸತ್ತೇ ಇಲ್ಲ, ಕೊಲೆಗಳ ಬಲದಿಂದಲೇ ಆಯುಸ್ಸು ಹೆಚ್ಚಿಸಿಕೊಂಡು ಇವತ್ತಿಗೂ ನಮ್ಮ ನಡುವೆ ಓಡಾಡ್ತಿದ್ದಾನೆ ಅನ್ನೋದು ಎಳೆ. ರೇಡಿಯೋದವರು ಅದನ್ನು ಮತ್ತೆ ಮತ್ತೆ ನಾಟಕ ಮಾಡಿದರು. ಗಮನಿಸಿ, ಈ ಹೊತ್ತಿಗೆ ಬ್ಲಾಕ್‌ನ ಭೂತ ಬೇರೆ ಜಾತಿಯದಾಗಿದೆ. ಲವ್‌ಕ್ರಾಫ್ಟ್ ನಕ್ಷತ್ರದಿಂದ ಇಳಿಸುತ್ತಿದ್ದ ದೆವ್ವವನ್ನು ಶಿಷ್ಯ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇಟ್ಟಿದ್ದಾನೆ!

ಪಕ್ಕದೂರಿನ ರೈತ

1953ರಲ್ಲಿ ಬ್ಲಾಕ್ ವಿಸ್ಕಾನ್ಸಿನ್ನಿನ ವೆಯಾವೀಗಾ ಅನ್ನೋ ಊರಿಗೆ ಹೋದ. ಹೆಂಡತಿಗೆ ಮೂಳೆಯ ಕ್ಷಯ, ಅದು ಅವಳ ತವರೂರು. ಸಾವಿರ ಚಿಲ್ಲರೆ ಜನ ಇದ್ದ ಊರು. ಒಬ್ಬ ಕೆಮ್ಮಿದರೆ ಎಲ್ಲರಿಗೂ ಕೇಳಿಸುವಂಥದು.

1957ರ ನವೆಂಬರ್. ಅಲ್ಲಿಂದ ಅರವತ್ತು ಕಿಲೋಮೀಟರ್ ಆಸುಪಾಸಿನ ಪ್ಲೇನ್‌ಫೀಲ್ಡ್ ಅನ್ನೋ ಹಳ್ಳಿಯಲ್ಲಿ ಎಡ್ ಗೀನ್ ಅನ್ನೋ ಒಂಟಿ ರೈತನನ್ನು ಪೊಲೀಸರು ಹಿಡಿದರು. ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದ ಹೆಂಗಸಿನ ಕೊಲೆ. ಮನೆ ಹೊಕ್ಕು ನೋಡಿದರೆ ಸ್ಮಶಾನದಿಂದ ಅಗೆದು ತಂದ ಹೆಣಗಳ ಚರ್ಮ, ಮೂಳೆ. ಹೆಚ್ಚು ಬರೆಯೋಲ್ಲ, ನಿಮಗೆ ಊಟ ಸೇರಬೇಕಲ್ಲ. ಅವನ ತಾಯಿ 1945ರಲ್ಲೇ ಸತ್ತಿದ್ದಳು. ಅವಳ ಕೋಣೆ ಮಾತ್ರ ಹಾಗೇ ಮುಚ್ಚಿಟ್ಟಿದ್ದ, ಕಸ ಕೊಳೆ ತುಂಬಿದ ಮನೆಯಲ್ಲಿ ಅದೊಂದೇ ಚೊಕ್ಕ.

ಬ್ಲಾಕ್‌ನನ್ನು ಹಿಡಿದು ಅಲ್ಲಾಡಿಸಿದ್ದು ರಕ್ತದ ವಿವರ ಅಲ್ಲ. ಆ ವಿವರಗಳೇ ಆಗ ಅವನಿಗೆ ಹೆಚ್ಚು ಗೊತ್ತಿರಲಿಲ್ಲ. ಕೆಮ್ಮಿದರೆ ಕೇಳಿಸುವ ಊರಿನಲ್ಲಿ ಇಂಥವನೊಬ್ಬ ಇಷ್ಟು ವರ್ಷ ಎಲ್ಲರಿಗೂ ನಮಸ್ಕಾರ ಹಾಕ್ಕೊಂಡು ಹೇಗೆ ಬದುಕಿದ? ಆ ಒಂದು ಪ್ರಶ್ನೆ ಸಾಕಾಯಿತು. ಉಳಿದ ಮನುಷ್ಯನನ್ನು ತಾನೇ ಕಟ್ಟಿದ. ಅವನಿಗೊಂದು ಉದ್ಯೋಗ ಬೇಕು, ಅಪರಿಚಿತರು ಬಂದುಹೋಗುವಂಥದು. ಹೆದ್ದಾರಿ ಪಕ್ಕದ ಮೋಟೆಲ್! ಅವನಿಗೊಂದು ಕಾರಣ ಬೇಕು. ಸತ್ತರೂ ಸಾಯದ ಅಮ್ಮ! ಅಮ್ಮನನ್ನು ಕೊಂದು, ಆಮೇಲೆ ತಾನೇ ಅಮ್ಮನಾಗಿ ಮಾತಾಡುವ ಮಗ. ನಾರ್ಮನ್ ಬೇಟ್ಸ್ ಹುಟ್ಟಿದ್ದು ಹೀಗೆ. ಗೀನ್‌ಗೂ ಅವನ ತಾಯಿಗೂ ಇದ್ದ ನಂಟಿನ ನಿಜಸಂಗತಿ ಬ್ಲಾಕ್‌ಗೆ ತಿಳಿದದ್ದು ಕಾದಂಬರಿಯಾದ ಮೇಲೆ. ತನ್ನ ಊಹೆ ಅಷ್ಟು ಹತ್ತಿರ ಹೋಗಿತ್ತಲ್ಲಾ ಅಂತ ಅವನೇ ಬೆಚ್ಚಿದ.

ಕಾದಂಬರಿ ಓದಿದರೆ ಚಿತ್ರ ನೋಡಿದವರಿಗೆ ಮೊದಲ ಪುಟದಲ್ಲೇ ಶಾಕ್. ಚಿತ್ರದ ನಾರ್ಮನ್ ಯಾರು? ಆಂಥೊನಿ ಪರ್ಕಿನ್ಸ್. ತೆಳ್ಳಗೆ, ಬೆಳ್ಳಗೆ, ನಾಚಿಕೆ ಸ್ವಭಾವ, ಅಯ್ಯೋ ಪಾಪ ಅನ್ನಿಸೋ ಹುಡುಗ. ಕಾದಂಬರಿಯವನಿಗೆ ನಲವತ್ತು. ದಪ್ಪ ದೇಹ, ಕನ್ನಡಕ, ಗುಟ್ಟಾಗಿ ಕುಡಿಯುವ ಚಟ. ಹೊರಗೆ ಮಳೆ, ಇವನು ಕೂತು ಇಂಕಾ ಜನರ ಬಗ್ಗೆ ಪುಸ್ತಕ ಓದುತ್ತಿರುತ್ತಾನೆ, ಅಮ್ಮ ಬಂದು ಬೈಯುತ್ತಾಳೆ. ಅಮ್ಮ ಮಗ ಜಗಳವಾಡುತ್ತಾರೆ. ನಾವು ನಂಬುತ್ತೇವೆ! ಯಾಕೆಂದರೆ ನಾವು ಕೂತಿರೋದೇ ನಾರ್ಮನ್‌ನ ತಲೆಯೊಳಗೆ. ಅವನಿಗೆ ಅಮ್ಮ ಕಂಡರೆ ನಮಗೂ ಕಾಣ್ತಾಳೆ. ಇದು ಅಕ್ಷರದಲ್ಲಿ ಮಾತ್ರ ಆಗುವ ಮೋಸ.

ಕ್ಯಾಮೆರಾಕ್ಕೆ ಇದು ಸಾಧ್ಯವೇ? ಇಲ್ಲದ ಅಮ್ಮನನ್ನು ಹೇಗೆ ತೋರಿಸೋದು? ಹಿಚ್‌ಕಾಕ್ ಸಾಹೇಬರ ಬುದ್ಧಿವಂತಿಕೆ ಇರೋದು ಇಲ್ಲಿ. ಅಮ್ಮನ ದನಿ ದೂರದ ಮನೆಯಿಂದ ಕೇಳಿಸುತ್ತೆ, ಅಮ್ಮ ಕಾಣೋಲ್ಲ. ಆ ದನಿಯನ್ನೂ ಒಬ್ಬರಿಂದಲ್ಲ, ಇಬ್ಬರು ನಟಿಯರು ಮತ್ತು ಒಬ್ಬ ಗಂಡಸಿನಿಂದ ಆಡಿಸಿ ಬೆರೆಸಿದರು. ನಾರ್ಮನ್ ಅಮ್ಮನನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಕ್ಯಾಮೆರಾ ಮೆಲ್ಲಗೆ ಚಾವಣಿಗೆ ಏರಿ ನೇರ ಕೆಳಕ್ಕೆ ನೋಡುತ್ತೆ. ಮುಖವೇ ಕಾಣದು. ಅಮ್ಮನ ಪಾತ್ರಕ್ಕೆ ನಟಿಯನ್ನು ಹುಡುಕ್ತಿದ್ದಾರೆ ಅಂತ ಗಾಳಿಸುದ್ದಿ ಬೇರೆ ಹಬ್ಬಿಸಿದರು.

ಸ್ನಾನದ ಕೋಣೆಯ ಕೊಲೆಯನ್ನೇ ತಗೊಳ್ಳಿ. ಕಾದಂಬರಿಯಲ್ಲಿ ಅದು ಕೆಲವೇ ಸಾಲು. ಚಾಕು, ಒಂದು ಚೀತ್ಕಾರ, ತಲೆಯೇ ಹೋಗುತ್ತೆ, ಅಧ್ಯಾಯ ಮುಗೀತು. ಚಿತ್ರದಲ್ಲಿ ಅದಕ್ಕೆ ಏಳು ದಿನ ಚಿತ್ರೀಕರಣ, ಎಪ್ಪತ್ತಕ್ಕೂ ಹೆಚ್ಚು ಸಲ ಕ್ಯಾಮೆರಾ ಜಾಗ ಬದಲು. ಮೇಲೆ ಬರ್ನಾರ್ಡ್ ಹರ್ಮನ್‌ರ ಪಿಟೀಲುಗಳ ಕಿರುಚಾಟ. ರಕ್ತದ ಬದಲು ಚಾಕಲೇಟ್ ಸಿರಪ್. ಕಪ್ಪುಬಿಳುಪಲ್ಲವೇ, ಯಾರಿಗೆ ಗೊತ್ತಾಗಬೇಕು! ಚಿತ್ರಕಥೆ ಬರೆದ ಜೋಸೆಫ್ ಸ್ಟೆಫಾನೋ ಮತ್ತೊಂದು ದೊಡ್ಡ ಬದಲಾವಣೆ ಮಾಡಿದರು. ಕಥೆಯನ್ನು ನಾರ್ಮನ್‌ನಿಂದ ಅಲ್ಲ, ನಲವತ್ತು ಸಾವಿರ ಡಾಲರ್ ಕದ್ದು ಓಡುವ ಹುಡುಗಿಯಿಂದ ಶುರು ಮಾಡಿದರು. ಜಾನೆಟ್ ಲೀ ಅಂಥ ತಾರೆಯನ್ನು ಅರ್ಧ ಚಿತ್ರದವರೆಗೆ ಹಿಂಬಾಲಿಸಿ, ಆಮೇಲೆ ಅವಳೇ ಸತ್ತರೆ ಪ್ರೇಕ್ಷಕ ಎಲ್ಲಿಗೆ ಹೋಗಬೇಕು?

ಹಾಗಾದರೆ ‘ಸೈಕೋ’ ಯಾರದ್ದು? ನನ್ನ ತೀರ್ಪು ಇಷ್ಟು: ಬಚ್ಚಲು ಹಿಚ್‌ಕಾಕ್‌ರದ್ದು, ಅಮ್ಮ ಬ್ಲಾಕ್‌ನವಳು. ಬಚ್ಚಲು ಇಲ್ಲದಿದ್ದರೂ ಅಮ್ಮ ಇರ್ತಿದ್ದಳು. ಅಮ್ಮ ಇಲ್ಲದೆ ಬಚ್ಚಲಿಗೆ ಬಂದು ಪರದೆ ಸರಿಸುವವರು ಯಾರು? ಒಪ್ಪದವರು ಪತ್ರ ಬರೆಯಿರಿ.

ಒಂದು ವ್ಯಾಪಾರ

ಈಗ ದುಡ್ಡಿನ ವಿಚಾರಕ್ಕೆ ಬರೋಣ.

ಕಾದಂಬರಿ ಹೊರಬಂದಾಗ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಆಂಥೊನಿ ಬೌಚರ್ ಮೆಚ್ಚಿ ಬರೆದರು. ಅದು ಹಿಚ್‌ಕಾಕ್‌ರ ಕಣ್ಣಿಗೆ ಬಿತ್ತು. ಪ್ಯಾರಾಮೌಂಟ್ ಸಂಸ್ಥೆಯಲ್ಲಿ ಕಥೆಗಳನ್ನು ಓದಿ ಅಭಿಪ್ರಾಯ ಕೊಡುವವರು ಇದು ಚಿತ್ರಕ್ಕೆ ಆಗದು ಅಂದಿದ್ದರು. ಸಾಹೇಬರು ಪುಸ್ತಕ ಓದಿದರು, ತೀರ್ಮಾನಿಸಿದರು. ಆದರೆ ತಾವೇ ಮುಂದೆ ಬಂದರೆ ರೇಟು ಏರೋಲ್ಲವೇ? ಏಜೆಂಟರ ಮೂಲಕ ಹೆಸರು ಹೇಳದೆ ಕೇಳಿಸಿದರು. ಯಾರೋ ಒಬ್ಬರು ನಿಮ್ಮ ಕಾದಂಬರಿ ಕೊಳ್ಳಬೇಕು ಅಂತಿದ್ದಾರೆ, ಏಳೂವರೆ ಸಾವಿರ ಕೊಡ್ತಾರಂತೆ. ಬ್ಲಾಕ್ ತನ್ನ ಏಜೆಂಟನಿಗೆ ಇನ್ನೂ ಸ್ವಲ್ಪ ಎಳೆಯಲು ಹೇಳಿದ. ಒಂಬತ್ತೂವರೆ ಸಾವಿರ ಡಾಲರಿಗೆ ಮುಗಿಯಿತು. ಆಗಿನ ದರದಲ್ಲಿ ನಮ್ಮ ದುಡ್ಡಿನಲ್ಲಿ ಸುಮಾರು 45 ಸಾವಿರ ರೂಪಾಯಿ. ಕೊಂಡವರು ಯಾರು ಅಂತ ಗೊತ್ತಾದದ್ದು ಆಮೇಲೆ!

ಅದಾದರೂ ಪೂರ್ತಿ ಕೈಗೆ ಬಂತೇ? ಪ್ರಕಾಶಕರಿಗೆ ಪಾಲು, ಏಜೆಂಟನಿಗೆ ಪಾಲು, ಸರ್ಕಾರಕ್ಕೆ ತೆರಿಗೆ. ಜೇಬಿಗೆ ಬಂದದ್ದು ಐದು ಸಾವಿರದ ಆಸುಪಾಸು. ಚಿತ್ರದ ಲಾಭದಲ್ಲಿ ಪಾಲು ಅನ್ನೋ ಮಾತು ಒಪ್ಪಂದದಲ್ಲಿ ಇರಲೇ ಇಲ್ಲ.

ಅತ್ತ ಸಾಹೇಬರು ಏನು ಮಾಡಿದರು? ಪ್ಯಾರಾಮೌಂಟ್ ಹಿಂದೆಮುಂದೆ ನೋಡಿದಾಗ ತಮ್ಮದೇ ದುಡ್ಡು ಹಾಕಿದರು. ಟಿ.ವಿ. ಕಾರ್ಯಕ್ರಮದ ತಂಡವನ್ನೇ ಇಟ್ಟುಕೊಂಡು ಎಂಟು ಲಕ್ಷ ಡಾಲರಿನಲ್ಲಿ ಚಿತ್ರ ಮುಗಿಸಿದರು. ತಮ್ಮ ಎರಡೂವರೆ ಲಕ್ಷದ ಸಂಭಾವನೆ ಬಿಟ್ಟು, ಬದಲಿಗೆ ಚಿತ್ರದಲ್ಲಿ ನೂರಕ್ಕೆ ಅರವತ್ತು ಪಾಲು ಬರೆಸಿಕೊಂಡರು. 1960ರ ಜೂನ್ 16ರಂದು ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರಿನವರಿಗೆ ಕಟ್ಟಪ್ಪಣೆ. ರಸ್ತೆ ತುಂಬಾ ಕ್ಯೂ. ಆ ಅರವತ್ತು ಪಾಲು ಎಷ್ಟು ದೊಡ್ಡದಾಯಿತು ಅನ್ನೋದು ನೀವೇ ಊಹಿಸಿ.

ಮೋಸ ಅಂತೀರಾ? ಮೋಸ ಇಲ್ಲ ಸ್ವಾಮೀ. ಸಾಹೇಬರು ಸ್ವಂತ ದುಡ್ಡು ಪಣಕ್ಕಿಟ್ಟವರು, ಮುಳುಗಿದ್ದರೆ ಅವರೇ ಮುಳುಗುತ್ತಿದ್ದರು. ಟೈಟಲ್‌ನಲ್ಲಿ ಬ್ಲಾಕ್‌ನ ಹೆಸರೂ ಹಾಕಿದ್ದಾರೆ. ಎಲ್ಲಾ ಕಾಗದ ಪತ್ರ ಸರಿಯಾಗಿದೆ. ಅದೇ ನನಗೆ ಉರಿ ಹತ್ತಿಸೋದು. ಕಾಗದ ಸರಿ ಇದ್ದರೆ ಜಗಳಕ್ಕೂ ದಾರಿ ಇಲ್ಲ. ಈ ಊರಿನಲ್ಲೂ ಒಂದು ಕಚೇರಿಯಲ್ಲಿ (ಹೆಸರು ಬೇಡ) ನನ್ನದೊಂದು ಕಥೆಯ ಎಳೆ ಕೇಳಿ, ಕಾಫಿ ತರಿಸಿ, ಎರಡು ಸಾವಿರ ಕೈಗಿಟ್ಟು, ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದುಂಟು. ಕಾಫಿ ಚೆನ್ನಾಗಿತ್ತು. ಕಥೆ ಬರೆಯುವ ಆಸೆ ಇರೋ ಹುಡುಗರು ಪ್ರತೀ ವಾರ ನನಗೆ ಪತ್ರ ಹಾಕ್ತಾರೆ, ಅವರಿಗೆ ಹೇಳ್ತೀನಿ: ಸಹಿ ಹಾಕೋ ಮುಂಚೆ ‘ಕೊಳ್ಳುವವರು ಯಾರು?’ ಅಂತ ಒಂದು ಸಲ ಕೇಳಿ. ಬ್ಲಾಕ್‌ಗೆ ಆ ಒಂದು ಉತ್ತರ ಗೊತ್ತಿದ್ದಿದ್ದರೆ!

ಕಂಡಕ್ಟರ್ ವೇಷದ ಸೈತಾನ

ಇಷ್ಟೆಲ್ಲಾ ನಡೆದ ಅದೇ 1959ರಲ್ಲಿ ಬ್ಲಾಕ್‌ಗೆ ಹ್ಯೂಗೋ ಪ್ರಶಸ್ತಿ ಬಂತು. ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ದೊಡ್ಡ ಗೌರವ. ಬಂದದ್ದು ‘ಸೈಕೋ’ಗಲ್ಲ, ‘ದಟ್ ಹೆಲ್-ಬೌಂಡ್ ಟ್ರೈನ್’ ಅನ್ನೋ ಸಣ್ಣಕಥೆಗೆ. ನನ್ನನ್ನು ಕೇಳಿದರೆ ಅವನು ಬರೆದದ್ದರಲ್ಲೆಲ್ಲಾ ಇದೇ ಮೇಲು. ಚುಟುಕಾಗಿ ಹೇಳ್ತೀನಿ.

ಮಾರ್ಟಿನ್ ಅಂತ ಒಬ್ಬ ಅನಾಥ ಅಲೆಮಾರಿ. ಒಂದು ರಾತ್ರಿ ಹಳಿ ಪಕ್ಕ ನಡೀತಿರುವಾಗ ಕಪ್ಪು ರೈಲೊಂದು ನಿಲ್ಲುತ್ತೆ, ಕಂಡಕ್ಟರ್ ಇಳೀತಾನೆ. ಅದು ನರಕದ ರೈಲು, ಕಂಡಕ್ಟರ್ ಸಾಕ್ಷಾತ್ ಸೈತಾನ. ಒಪ್ಪಂದ ಆಗುತ್ತೆ. ಸೈತಾನ ಒಂದು ಗಡಿಯಾರ ಕೊಡ್ತಾನೆ: ನಿನ್ನ ಬಾಳಿನಲ್ಲಿ ಇದೇ ಸುಖದ ಗಳಿಗೆ ಅನ್ನಿಸಿದಾಗ ಕೀಲಿ ತಿರುಗಿಸು, ಕಾಲ ಅಲ್ಲೇ ನಿಲ್ಲುತ್ತೆ. ಬದಲಿಗೆ ಸತ್ತಮೇಲೆ ನನ್ನ ರೈಲು ಹತ್ತಬೇಕು. ಮಾರ್ಟಿನ್ ಒಳಗೊಳಗೇ ನಗ್ತಾನೆ. ಕಾಲವೇ ನಿಂತುಬಿಟ್ಟರೆ ಸಾಯೋದು ಎಲ್ಲಿಂದ ಬಂತು?

ಕೆಲಸ ಸಿಗುತ್ತೆ, ಈಗಲೇ ತಿರುಗಿಸಲೇ? ಇಲ್ಲ, ಇನ್ನೂ ಒಳ್ಳೇದು ಬರಬಹುದು. ಮದುವೆ, ಮಗು, ದುಡ್ಡು... ಪ್ರತಿ ಸಲವೂ ಇನ್ನೂ ಸ್ವಲ್ಪ ನೋಡೋಣ. ನೋಡ್ತಾ ನೋಡ್ತಾ ಮುದುಕನಾಗಿ, ಒಂಟಿಯಾಗಿ, ಒಂದು ದಿನ ಹಳಿ ಪಕ್ಕವೇ ಬಿದ್ದು ಸಾಯ್ತಾನೆ. ರೈಲು ಬರುತ್ತೆ. ಸೈತಾನನಿಗೆ ಖುಷಿಯೋ ಖುಷಿ. ಮಾರ್ಟಿನ್ ಹತ್ತುತ್ತಾನೆ. ಒಳಗೆ ನೋಡಿದರೆ ಕುಡುಕರು, ಜೂಜುಕೋರರು, ಹಾಡು, ನಗು. ಹೇಗೂ ಊರು ಮುಳುಗಿತು ಅಂತ ಎಲ್ಲರೂ ಮಜಾ ಮಾಡ್ತಿದ್ದಾರೆ. ಅಲ್ಲಿ ಮಾರ್ಟಿನ್ ಮೆಲ್ಲಗೆ ಜೇಬಿಗೆ ಕೈಹಾಕಿ ಗಡಿಯಾರದ ಕೀಲಿ ತಿರುಗಿಸ್ತಾನೆ! ರೈಲು ನರಕ ತಲುಪೋದೇ ಇಲ್ಲ. ಓಡ್ತಾನೇ ಇರುತ್ತೆ. ಮಾರ್ಟಿನ್‌ಗೆ ಅದರಲ್ಲೇ ಬ್ರೇಕ್‌ಮನ್ ಕೆಲಸ. ಸೈತಾನನ ಮುಖ ನೋಡಬೇಕಿತ್ತು.

ಇಷ್ಟು ಲವಲವಿಕೆಯ ಮನುಷ್ಯ ಅವನು. ಲೇಖಕರ ಸಮ್ಮೇಳನಗಳಲ್ಲಿ ಬ್ಲಾಕ್ ಮೈಕ್ ಹಿಡಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರಂತೆ. ‘ಸೈಕೋ’ ವ್ಯಾಪಾರದ ಬಗ್ಗೆಯೂ ಎದೆ ಬಡಿದುಕೊಂಡವನಲ್ಲ. ಆ ಚಿತ್ರದಿಂದಲೇ ತನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಯಿತು ಅನ್ನೋದನ್ನು ಮರೆಮಾಚಲೂ ಇಲ್ಲ.

ಕೆಲಸವೂ ಸಿಕ್ಕಿತು. 1959ರ ಕೊನೆಗೇ ಹಾಲಿವುಡ್ಡಿಗೆ ಬಂದಿದ್ದ. ಹಿಚ್‌ಕಾಕ್‌ರ ಟಿ.ವಿ. ಮಾಲಿಕೆಗೇ ಒಂದು ಡಜನ್‌ಗೂ ಮೇಲೆ ಕಥೆ ಕೊಟ್ಟ. ಅದರಲ್ಲೊಂದು ಎಷ್ಟು ಭೀಕರ ಅನ್ನಿಸಿತೆಂದರೆ ಪ್ರಾಯೋಜಕರು ಹೆದರಿ ಆಗ ಪ್ರಸಾರವನ್ನೇ ತಡೆದರು. 1964ರಲ್ಲಿ ವಿಲಿಯಂ ಕ್ಯಾಸಲ್ ಎಂಬ ಗಿಮಿಕ್ ಸರದಾರನಿಗೆ ‘ಸ್ಟ್ರೇಟ್-ಜ್ಯಾಕೆಟ್’ ಬರೆದ. ಜೋನ್ ಕ್ರಾಫರ್ಡ್ ಕೈಯಲ್ಲಿ ಕೊಡಲಿ! ಪ್ರೇಕ್ಷಕರಿಗೆಲ್ಲಾ ರಟ್ಟಿನ ಕೊಡಲಿ ಹಂಚಿದರು ಅಂತೀನಿ. ಇಂಗ್ಲೆಂಡಿನ ಆಮಿಕಸ್ ಸಂಸ್ಥೆಗೆ ‘ಟಾರ್ಚರ್ ಗಾರ್ಡನ್’, ‘ದಿ ಹೌಸ್ ದಟ್ ಡ್ರಿಪ್ಡ್ ಬ್ಲಡ್’, ‘ಅಸೈಲಮ್’. ‘ಸ್ಟಾರ್ ಟ್ರೆಕ್’ಗೆ ಮೂರು ಕಂತು. ಒಂದರಲ್ಲಿ ಹಳೇ ಜ್ಯಾಕ್ ದಿ ರಿಪ್ಪರ್‌ನನ್ನೇ ಅಂತರಿಕ್ಷಕ್ಕೆ ಹತ್ತಿಸಿದ! ಇವುಗಳಲ್ಲಿ ಎಲ್ಲವೂ ಚೆನ್ನಾಗಿವೆ ಅಂತ ನಾನು ಹೇಳೋಲ್ಲ. ಹೊಟ್ಟೆಪಾಡಿನ ಬರಹ ಬಹಳ ಇದೆ. ಆದರೆ ‘ಅಸೈಲಮ್’ ಸಿಕ್ಕರೆ ಬಿಡಬೇಡಿ, ರಾತ್ರಿ ಒಬ್ಬರೇ ನೋಡಿ.

ಎಲ್ಲಿ ಹೋದರೂ ಪೋಸ್ಟರಿನಲ್ಲಿ ಒಂದೇ ಮಾತು, ‘ಸೈಕೋ’ ಖ್ಯಾತಿಯ ರಾಬರ್ಟ್ ಬ್ಲಾಕ್. ಬಿಟ್ಟ ಮಗ ಬೆನ್ನು ಬಿಡಲಿಲ್ಲ.

1982ರಲ್ಲಿ ಬ್ಲಾಕ್ ತಾನೇ ‘ಸೈಕೋ 2’ ಕಾದಂಬರಿ ಬರೆದ. ನಾರ್ಮನ್ ಆಸ್ಪತ್ರೆಯಿಂದ ತಪ್ಪಿಸಿಕೊಳ್ಳುತ್ತಾನೆ, ಅತ್ತ ಹಾಲಿವುಡ್ಡಿನಲ್ಲಿ ಅವನ ಬಗ್ಗೆಯೇ ಒಂದು ರಕ್ತಮಯ ಚಿತ್ರ ತಯಾರಾಗುತ್ತಿದೆ. ರಕ್ತ ಚೆಲ್ಲಿ ದುಡ್ಡು ಎಣಿಸುವ ಚಿತ್ರಗಳವರಿಗೆ ಚೆನ್ನಾಗಿ ಚುಚ್ಚಿದ್ದಾನೆ. ಯೂನಿವರ್ಸಲ್ ಸಂಸ್ಥೆಗೆ ಅದು ಹಿಡಿಸಲಿಲ್ಲ. ಹಿಡಿಸುತ್ತದೆಯೇ ಮತ್ತೆ! ಅವರು ಬೇರೆ ಕಥೆ ಬರೆಸಿಕೊಂಡು 1983ರಲ್ಲಿ ‘ಸೈಕೋ 2’ ಅಂತಲೇ ಚಿತ್ರ ತಂದರು. ಹೆಸರೊಂದೇ, ಕಥೆ ಬೇರೆ. ಪರ್ಕಿನ್ಸ್ ಮತ್ತೆ ನಾರ್ಮನ್ ಆದರು. ಹುಟ್ಟಿಸಿದ ಮನುಷ್ಯ ಬದುಕಿದ್ದಾನೆ, ಬರೀತಿದ್ದಾನೆ. ಅವನ ಮಗ ಇನ್ಯಾರದೋ ಕಾಗದದ ಮೇಲೆ ಕೊಲೆ ಮಾಡ್ತಾ ಓಡಾಡ್ತಿದ್ದಾನೆ. ಝೈಡ್ಲರ್ ಸಭೆಯ ಬಲೂನು ನೆನಪಾಯಿತೇ?

ಆದರೆ ಬ್ಲಾಕ್‌ನ ಕಾದಂಬರಿ ಚಿತ್ರಕ್ಕಿಂತ ಮೊದಲೇ ಅಂಗಡಿಗೆ ಬಂದು ಚೆನ್ನಾಗಿ ಖರ್ಚಾಯಿತು. 1990ರಲ್ಲಿ ‘ಸೈಕೋ ಹೌಸ್’ ಅಂತ ಮೂರನೆಯದನ್ನೂ ಬರೆದ. 1993ರಲ್ಲಿ ಆತ್ಮಕಥೆ. ತನ್ನ ಹೆಸರಿನ ಮೇಲೆ ತಾನೇ ಶ್ಲೇಷೆ ಮಾಡಿ ‘ಒನ್ಸ್ ಅರೌಂಡ್ ದಿ ಬ್ಲಾಕ್’ ಅಂತ ಹೆಸರಿಟ್ಟ. ಬೀದಿ ಸುತ್ತಿ ಬಂದೆ ಅಂತಲೂ ಅರ್ಥ, ಬ್ಲಾಕ್‌ನನ್ನು ಒಂದು ಸುತ್ತು ನೋಡಿ ಬನ್ನಿ ಅಂತಲೂ ಅರ್ಥ. 1994ರ ಸೆಪ್ಟೆಂಬರ್ 23ರಂದು ಲಾಸ್ ಏಂಜಲೀಸ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. 1998ರಲ್ಲಿ ಗಸ್ ವಾನ್ ಸ್ಯಾಂಟ್ ಅದೇ ‘ಸೈಕೋ’ವನ್ನು ಬಣ್ಣದಲ್ಲಿ ಹೆಚ್ಚುಕಡಿಮೆ ಶಾಟಿಗೆ ಶಾಟು ಮತ್ತೆ ತೆಗೆದರು. 2013ರಿಂದ 2017ರವರೆಗೆ ‘ಬೇಟ್ಸ್ ಮೋಟೆಲ್’ ಅಂತ ಟಿ.ವಿ. ಮಾಲಿಕೆ ಓಡಿತು. ಅಮ್ಮ ಇನ್ನೂ ದುಡೀತಾನೇ ಇದ್ದಾಳೆ.

ತಿಪಟೂರಿನ ಮಿತ್ರರೇ, ಬಾಜಿಯ ಐವತ್ತು ರೂಪಾಯಿಗೆ ಸ್ನೇಹಿತ ತಕರಾರು ತೆಗೆದರೆ ಒಂದು ಕೆಲಸ ಮಾಡಿ. ಚಿತ್ರ ಹಾಕಿ ಕೂರಿಸಿ. ಶುರುವಿನಲ್ಲಿ ಬೂದು ಪಟ್ಟಿಗಳು ಅತ್ತಿಂದಿತ್ತ ಹರಿದು ಅಕ್ಷರ ಕೂಡುತ್ತವಲ್ಲ, ಅಲ್ಲೇ ಒಂದು ಕಡೆ ಕಾದಂಬರಿಕಾರನ ಹೆಸರು ಬರುತ್ತೆ. ಹರ್ಮನ್‌ರ ಪಿಟೀಲು ಆಗಲೇ ಶುರುವಾಗಿರುತ್ತೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತೆ. ನಿಲ್ಲಿಸಿ ತ��ೋರಿಸಿ, ದುಡ್ಡು ಎಣಿಸಿಕೊಳ್ಳಿ.